ಶಿರಸಿಯ ಕಾಳುಮೆಣಸು ಹೊರದೇಶಕ್ಕೆ: ಚೌಕಾಸಿ ಯಾರ ಜೊತೆ, ಯಾವಾಗ?

ಶಿರಸಿ ಮಾರುಕಟ್ಟೆ ಯಾರ್ಡಿನ ಟೆಂಡರಿನಲ್ಲಿ ದರ ತಿಳಿಯುವುದು ಅದೇ ದಿನ. ಕೊಡುವುದೋ ಬಿಡುವುದೋ ಎಂಬುದೂ ಹೆಚ್ಚುಕಡಿಮೆ ಆಗಲೇ ತೀರ್ಮಾನ. ರಫ್ತಿನಲ್ಲಿ ಹಾಗಲ್ಲ. ನಿಜವಾದ ಚೌಕಾಸಿ ಒಂದೊಂದು ದೇಶದವರ ಜೊತೆ ಒಂದೊಂದು ಹೊತ್ತಿಗೆ ನಡೆಯುತ್ತದೆ. ಆ ಹೊತ್ತು ತಪ್ಪಿದರೆ ಎಷ್ಟು ದರ ಇಳಿಸಿದರೂ ಪ್ರಯೋಜನವಿಲ್ಲ.

ಜರ್ಮನಿಯವರ ಜೊತೆ ಚೌಕಾಸಿ ಮುಗಿಯುವುದು ಭೇಟಿಗೆ ಮೊದಲೇ, ಕಾಗದದ ಮೇಲೆ. ಮೊದಲ ಇಮೇಲಿಗೇ ಲ್ಯಾಬ್ ವರದಿ ಲಗತ್ತಿಸಿ: ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ) ಎಷ್ಟು ಗ್ರಾಂ, ತೇವಾಂಶ ಶೇ. ಎಷ್ಟು, ಕೀಟನಾಶಕದ ಉಳಿಕೆ ಎಷ್ಟು. ಯುರೋಪಿನ ಮಿತಿಯಂತೆ ಕಿಲೋ ಮೆಣಸಿನಲ್ಲಿ ಬೂಷ್ಟಿನಿಂದ ಬರುವ ವಿಷವಾದ ಅಫ್ಲಾಟಾಕ್ಸಿನ್ ಬಿ1 5 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ದಾಟುವಂತಿಲ್ಲ. ಕ್ರಿಮಿ ಕೊಲ್ಲಲು ಎಥಿಲೀನ್ ಆಕ್ಸೈಡ್ ಅನಿಲ ಹಾಯಿಸಿದ ಮಾಲು ಅಲ್ಲಿ ನಡೆಯುವುದೇ ಇಲ್ಲ. ಹಬೆಯಲ್ಲಿ ಶುದ್ಧಿ ಮಾಡಿಸಬೇಕು. ಸಗಣಿ ಸಾರಿಸಿದ ಅಂಗಳದಲ್ಲಿ ಒಣಗಿಸಿದ್ದನ್ನು ಈ ಲಾಟಿಗೆ ಸೇರಿಸಲೇಬೇಡಿ. ಒಂದೇ ಲಾಟಿನಿಂದ ಸ್ಯಾಂಪಲ್ ತೆಗೆದು ಮೂರು ಪಾಲು ಮಾಡಿ ಸೀಲ್ ಹಾಕಿ: ಒಂದು ಅವರಿಗೆ, ಒಂದು ಲ್ಯಾಬಿಗೆ, ಇನ್ನೊಂದು ಹಣ ಕೈಸೇರುವ ತನಕ ನಿಮ್ಮ ಬಳಿ. ಚೌಕಾಸಿಗೆಂದು ದರ ಏರಿಸಿಡಬೇಡಿ. ಕೇಳಿದ ಕೂಡಲೇ ಶೇ. 10 ಇಳಿಸಿದರೆ, ವರದಿಯ ಅಂಕಿಗಳೂ ಹೀಗೆಯೇ ಇರಬಹುದೆಂದು ಅವರಿಗೆ ಅನುಮಾನ ಬರುತ್ತದೆ.

ಜಪಾನಿನವರ ಜೊತೆ ಚೌಕಾಸಿ ನಡೆಯುವುದು ಒಂದು ಭೇಟಿಗೂ ಇನ್ನೊಂದು ಭೇಟಿಗೂ ನಡುವೆ. ಎದುರು ಕೂತವರೊಬ್ಬರೇ ನಿರ್ಧರಿಸುವುದಿಲ್ಲ. ಪ್ರಸ್ತಾವ ಕಂಪನಿಯೊಳಗೆ ಹಲವರ ಒಪ್ಪಿಗೆ ಪಡೆಯುತ್ತ ಮೇಲೆ ಹೋಗಬೇಕು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿ: ದರ ಹೇಳಿದ ಮೇಲೆ ಆ ಕಡೆ ಮೌನ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಇಲ್ಲಿಯವರಿಗೆ ಚಡಪಡಿಕೆ, ಯಾರೂ ಕೇಳದಿದ್ದರೂ ಕಿಲೋಗೆ ಹತ್ತು ರೂಪಾಯಿ ಇಳಿದಾಯಿತು. ಸುಮ್ಮನಿರಿ, ಅವರು ಯೋಚಿಸುತ್ತಿರುತ್ತಾರೆ. “ಪರಿಶೀಲಿಸುತ್ತೇವೆ” ಎಂದಷ್ಟೇ ಹೇಳಿ ಮುಂದಿನ ದಿನಾಂಕ ಕೊಡದಿದ್ದರೆ ಬಹುಪಾಲು ಅದು ನಿರಾಕರಣೆಯೇ. ಅಡ್ಡಿ ದರದ್ದೋ, ಪ್ಯಾಕಿಂಗಿನದ್ದೋ ಎಂದು ಎಲ್ಲರೆದುರು ಕೆದಕದೆ ಆಮೇಲೆ ಕಿರಿಯ ಸಿಬ್ಬಂದಿಯ ಬಳಿ ವಿಚಾರಿಸಿ.

ಕೊಲ್ಲಿಯ ಅರಬ್ ವರ್ತಕರ ಜೊತೆ ಅತಿಥಿಗೆ ಕೊಡುವ ಗಾವಾ ಕಾಫಿಗೆ ಮೊದಲು ದರ ಎತ್ತಬೇಡಿ. ಬಟ್ಟಲನ್ನು ಬಲಗೈಯಲ್ಲೇ ಹಿಡಿಯಿರಿ, ಸಾಕೆನಿಸಿದಾಗ ಮೆಲ್ಲಗೆ ಅಲ್ಲಾಡಿಸಿ ಕೊಡಿ. ಇಲ್ಲಿ ದರದಲ್ಲಿ ಸ್ವಲ್ಪ ಜಾಗ ಇಟ್ಟುಕೊಂಡೇ ಹೋಗಬೇಕು. ಒಪ್ಪಿದ ಮೇಲೂ ಇನ್ನೊಂದು ಸುತ್ತು ಬರುವುದುಂಟು. ಬರಿದೇ ಇಳಿಸದೆ “ಎರಡು ಕಂಟೇನರ್ ತೆಗೆದುಕೊಂಡರೆ ಇಷ್ಟು” ಎಂದು ಷರತ್ತು ಹಾಕಿ. ಅಂದಹಾಗೆ, ದುಬೈನಲ್ಲಿ ಎದುರಿಗೆ ಸಿಗುವವರು ಮಲಯಾಳಿಯೋ ಗುಜರಾತಿಯೋ ಆಗಿರುವುದೂ ಸಾಮಾನ್ಯ. ಆಗ ಈ ಪ್ಯಾರಾ ಮರೆತು ಹಿಂದಿಯಲ್ಲೇ ಶುರುಮಾಡಿ.

ಯಾರೊಂದಿಗೇ ಮಾತಾಗಲಿ, ಅದೇ ದಿನ ಇಮೇಲ್ ಹೋಗಬೇಕು: ದರ ಯಾವ ಕರೆನ್ಸಿಯಲ್ಲಿ, ಪ್ರಮಾಣ, ಎಫ್‌ಒಬಿ ಮಂಗಳೂರೋ ಕೊಚ್ಚಿಯೋ (ಆ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ನಿಮ್ಮದು), ಹಣ ಎಲ್‌ಸಿಯಲ್ಲೋ (ಬ್ಯಾಂಕ್ ಕೊಡುವ ಪಾವತಿ ಖಾತರಿಪತ್ರ) ಮುಂಗಡವೋ, ದರ ಎಷ್ಟು ದಿನ ಊರ್ಜಿತ. ಮೆಣಸಿನ ಪೇಟೆ ಏರಿಳಿಯುತ್ತಿದ್ದರೆ ಏಳು ದಿನಕ್ಕಿಂತ ಹೆಚ್ಚು ಬರೆಯಬೇಡಿ; ಜಪಾನಿಗೆ ಅದು ಸಾಲುವುದಿಲ್ಲ, ಅಲ್ಲಿಗೆ ಅವಧಿ ಹೆಚ್ಚಿಸಿ, ಆ ಅಪಾಯದ ಖರ್ಚನ್ನು ಮೊದಲೇ ದರಕ್ಕೆ ಸೇರಿಸಿ.