ಗೇಮ್ ಡೆವಲಪ್‌ಮೆಂಟ್ ಓದು: ಚೌಕಾಬಾರ ಕಲಿಸಿದ ಪಾಠಗಳು

ಬೆಳಗಾವಿ, ಬಾಗಲಕೋಟೆ ಕಡೆಯಿಂದ ಗೇಮ್ ಮಾಡಬೇಕೆಂದು ಹೊರಡುವವರು ಸಾಮಾನ್ಯವಾಗಿ ಸೇರುವುದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿನ ಯಾವುದಾದರೂ ಕಾಲೇಜಿನ ಕಂಪ್ಯೂಟರ್ ಸೈನ್ಸಿಗೆ. ನನ್ನದೂ ಅದೇ ದಾರಿ. ಶುರುವಿನಲ್ಲಿ ಸಿಗುವುದು ಮ್ಯಾಥ್ಸ್, ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ, ಡೇಟಾ ಸ್ಟ್ರಕ್ಚರ್ಸ್. ಗೇಮಿಗೆ ಹತ್ತಿರದ ವಿಷಯವೆಂದರೆ ಕಂಪ್ಯೂಟರ್ ಗ್ರಾಫಿಕ್ಸ್, ಅದರ ಜೊತೆಗೆ ಚಿತ್ರ ಬಿಡಿಸುವ ಕೋಡಿಗೆ ಬಳಸುವ ಓಪನ್‌ಜಿಎಲ್. ಗೇಮ್ ಕಟ್ಟುವ ಸಿದ್ಧ ತಂತ್ರಾಂಶಗಳಾದ ಯೂನಿಟಿಯನ್ನೋ ಗೊಡೋ ಎಂಜಿನ್ನನ್ನೋ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ಅದು ನಮ್ಮ ಕೆಲಸ.

ಮ್ಯಾಥ್ಸನ್ನು ಪಾಸಾಗಲಷ್ಟೇ ಓದಿದವರು ಆಮೇಲೆ ಒದ್ದಾಡುತ್ತಾರೆ. ಬಲಕ್ಕೆ 1, ಮೇಲಕ್ಕೆ 1 ಎರಡೂ ಒತ್ತಿದರೆ ಪಾತ್ರ 1.41 ಪಟ್ಟು ವೇಗವಾಗಿ ಓಡುತ್ತದೆ. ವೆಕ್ಟರನ್ನು ನಾರ್ಮಲೈಸ್ ಮಾಡಿದರೆ, ಅಂದರೆ ದಿಕ್ಕು ಉಳಿಸಿಕೊಂಡು ಉದ್ದವನ್ನು 1ಕ್ಕೆ ಇಳಿಸಿದರೆ, ಸರಿಹೋಗುತ್ತದೆ. ವೇಗವನ್ನು ಡೆಲ್ಟಾ ಟೈಮಿನಿಂದ (ಹಿಂದಿನ ಫ್ರೇಮಿನಿಂದ, ಅಂದರೆ ಪರದೆಯ ಹಿಂದಿನ ಚಿತ್ರದಿಂದ, ಕಳೆದ ಸಮಯದಿಂದ) ಗುಣಿಸದಿದ್ದರೆ ಲ್ಯಾಬಿನ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆದ ಪಾತ್ರ ಹಳೇ ಫೋನಿನಲ್ಲಿ ತೆವಳುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮಿಗೆ ಸಿಗುವ ಸಮಯ 16.67 ಮಿಲಿಸೆಕೆಂಡ್ ಮಾತ್ರ.

ಪ್ರಾಜೆಕ್ಟಿಗೆ ಎಲ್ಲೆಂದರಲ್ಲಿ ಸುತ್ತಾಡಬಹುದಾದ ದೊಡ್ಡ ಓಪನ್ ವರ್ಲ್ಡ್ ಆಟ ಆರಿಸಿದ ತಂಡಗಳು ವೈವಾ (ಮೌಖಿಕ ಪರೀಕ್ಷೆ) ದಿನ ಒಂದು ಗುಡ್ಡ, ಒಂದು ಗಿಡ ತೋರಿಸಿ ಬರುವುದು ಸಾಮಾನ್ಯ. ನನ್ನ ಆಯ್ಕೆ ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರ. ಚಿಕ್ಕದು, ನಿಯಮ ಎಲ್ಲರಿಗೂ ಗೊತ್ತು, ಆದರೂ ಒಳಗೆ ಕಲಿಯುವುದಕ್ಕೆ ಬೇಕಾದಷ್ಟಿದೆ.

ಮೊದಲು ಗರ: ನಾಲ್ಕು ಕವಡೆಯಲ್ಲಿ ಎಷ್ಟು ಅಂಗಾತ ಬಿದ್ದವೋ ಅಷ್ಟು, ಒಂದೂ ಬೀಳದಿದ್ದರೆ 8. ಅನೇಕರು 1ರಿಂದ 4ರೊಳಗೆ ಒಂದು ರ‍್ಯಾಂಡಮ್ ಅಂಕಿ ತೆಗೆದು ಸುಮ್ಮನಾಗುತ್ತಾರೆ. ಹಾಗೆ ಮಾಡಿದರೆ 8 ಬೀಳುವುದೇ ಇಲ್ಲ, 4 ಮಾತ್ರ ನಾಲ್ಕು ಸಲಕ್ಕೊಮ್ಮೆ ಬೀಳುತ್ತದೆ. ನಾಲ್ಕು ಕವಡೆಯನ್ನೂ ಬೇರೆಬೇರೆಯಾಗಿ ಎಸೆದಂತೆ ಲೆಕ್ಕ ಹಾಕಬೇಕು. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ 16 ಸಾಧ್ಯತೆಗಳಲ್ಲಿ 2 ಬೀಳುವುದು 6, 1 ಮತ್ತು 3 ತಲಾ 4, ಚೌಕ (4) ಒಂದೇ ಒಂದು, ಬಾರವೂ (8) ಒಂದೇ ಒಂದು. ಚೌಕ, ಬಾರಕ್ಕೆ ಮತ್ತೊಂದು ಸರದಿ ಸಿಗುವುದರಿಂದ ಈ ಲೆಕ್ಕ ತಪ್ಪಿದರೆ ಆಟದ ರುಚಿಯೇ ಕೆಡುತ್ತದೆ.

ಆಮೇಲೆ ದಾರಿ. 25 ಮನೆಗಳಲ್ಲಿ ಹೊರಸುತ್ತಿಗೆ 16, ಒಳಸುತ್ತಿಗೆ 8, ನಡುವೆ ಹಣ್ಣಾಗುವ ಮನೆ 1. ನಾಲ್ವರಿಗೂ ನಾಲ್ಕು ಪಟ್ಟಿ ಕೈಯಾರೆ ಬರೆದರೆ ಎಲ್ಲೋ ಒಂದು ಮನೆ ತಪ್ಪುತ್ತದೆ, ಹುಡುಕುವುದು ಕಷ್ಟ. ಒಬ್ಬರ ದಾರಿ ಮಾತ್ರ ಬರೆದು ಉಳಿದದ್ದನ್ನು ಲೆಕ್ಕದಿಂದ ತೆಗೆಯಬಹುದು: ಎರಡೂ ಸುತ್ತಿನ ಮನೆಗಳಿಗೆ ಕಾಯಿ ನಡೆಯುವ ದಿಕ್ಕಿನಲ್ಲೇ 0ಯಿಂದ ಸಂಖ್ಯೆ ಕೊಟ್ಟರೆ, ಹೊರಸುತ್ತಿನಲ್ಲಿ ಮುಂದಿನ ಆಟಗಾರರಿಗೆ ಮನೆಯ ಸಂಖ್ಯೆಗೆ 4 ಕೂಡಿಸಿ 16ರಿಂದ ಭಾಗಿಸಿದ ಶೇಷ. ಒಳಸುತ್ತು ಉಲ್ಟಾ ದಿಕ್ಕಿಗೆ ತಿರುಗುವುದರಿಂದ ಅಲ್ಲಿ 2 ಕಳೆಯಬೇಕು. ಇಲ್ಲೂ ಕೂಡಿಸಿಬಿಟ್ಟರೆ ಎರಡನೇ ಆಟಗಾರರ ಕಾಯಿ ಎದುರು ಬದಿಗೆ ಹಾರುತ್ತದೆ. ಕಳೆದಾಗ ಉತ್ತರ ಮೈನಸ್ ಆಗದಂತೆ 8 ಕೂಡಿಸಿಯೇ 8ರಿಂದ ಭಾಗಿಸಿದ ಶೇಷ ತೆಗೆಯಿರಿ.

ಇನ್ನೊಂದು ತೊಂದರೆ: ಕಾಯಿ ಇನ್ನೂ ಸರಿಯುತ್ತಿರುವಾಗ ಮತ್ತೆ ಬೆರಳಿಟ್ಟರೆ ಅದು ಎರಡು ಸಲ ನಡೆಯುತ್ತದೆ. ಗರ ಹಾಕುವುದು, ಕಾಯಿ ಆರಿಸುವುದು, ನಡೆಸುವುದು, ಹೊಡೆತ ನೋಡುವುದು, ಸರದಿ ಬದಲಿಸುವುದು ಎಂದು ಐದು ಸ್ಥಿತಿಗಳನ್ನಾಗಿ ಒಡೆದು, ಆಯಾ ಸ್ಥಿತಿಗೆ ಬೇಕಾದ ಸ್ಪರ್ಶ ಮಾತ್ರ ಒಪ್ಪಿಕೊಳ್ಳಿ. ಕಾಯಿ ಹೊಡೆಯದೆ ಒಳಸುತ್ತಿಗೆ ಬಿಡಬೇಕೋ ಬೇಡವೋ ಎನ್ನುವಂಥ ನಿಯಮಗಳು ಊರಿಂದ ಊರಿಗೆ ಬೇರೆ. ಅವನ್ನು ಕೋಡಿನೊಳಗೆ ಹೂಳದೆ ಬೇರೆ ಫೈಲಿನಲ್ಲಿಡಿ.

ತಂಡದ ಕೆಲಸದಲ್ಲಿ ಜಗಳಕ್ಕೆ ಮೂಲ ಗಿಟ್, ಅಂದರೆ ಎಲ್ಲರ ಬದಲಾವಣೆಗಳನ್ನೂ ದಾಖಲಿಸಿ ಒಂದುಗೂಡಿಸುವ ತಂತ್ರಾಂಶ. ಯೂನಿಟಿ ತಾನೇ ಮತ್ತೆ ಹುಟ್ಟಿಸಿಕೊಳ್ಳುವ ಲೈಬ್ರರಿ ಫೋಲ್ಡರನ್ನು ಏರಿಸಬೇಡಿ, ಪ್ರತಿ ಫೈಲಿನ ಗುರುತು ಹೊತ್ತ ಮೆಟಾ ಫೈಲುಗಳನ್ನು ಏರಿಸದೆ ಬಿಡಬೇಡಿ. ಮೆಟಾ ಬಿಟ್ಟರೆ ಗೆಳೆಯರ ಕಂಪ್ಯೂಟರಿನಲ್ಲಿ ಚಿತ್ರಗಳ ಕೊಂಡಿಗಳೆಲ್ಲ ಕಳಚುತ್ತವೆ. ಗಿಟ್ ಕೆಲಸವನ್ನು ಇಡುವ ತಾಣವಾದ ಗಿಟ್‌ಹಬ್ 100 ಎಂಬಿ ದಾಟಿದ ಫೈಲನ್ನು ತಿರಸ್ಕರಿಸುತ್ತದೆ, ದೊಡ್ಡವಕ್ಕೆ ದೊಡ್ಡ ಫೈಲುಗಳನ್ನು ಬೇರೆಯಾಗಿ ಇಡುವ ಗಿಟ್ ಎಲ್‌ಎಫ್‌ಎಸ್ ಬಳಸಿ. ಒಂದೇ ಸೀನಿನಲ್ಲಿ (ಆಟದ ಒಂದು ದೃಶ್ಯದ ಫೈಲಿನಲ್ಲಿ) ಇಬ್ಬರು ಕೈಯಾಡಿಸುವುದು ಬೇಡವೇ ಬೇಡ. ಪ್ರಿಫ್ಯಾಬುಗಳಾಗಿ, ಅಂದರೆ ಮತ್ತೆ ಮತ್ತೆ ಬಳಸಬಹುದಾದ ಬಿಡಿಭಾಗಗಳಾಗಿ, ಒಡೆದು ಹಂಚಿಕೊಳ್ಳಿ.

ಆಟ ಕನ್ನಡದಲ್ಲೇ ಇರಲಿ ಎನ್ನುವುದು ನನ್ನ ಹಟ. ಆದರೆ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊನಲ್ಲಿ ಒತ್ತಕ್ಷರ ಒಡೆಯುತ್ತದೆ, ‘ಹಣ್ಣು’ ಹೋಗಿ ‘ಹಣ್‌ಣು’ ಆಗುತ್ತದೆ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ಅಕ್ಷರ ಜೋಡಿಸುವ ಕೆಲಸವೇ ಅಲ್ಲಿ ನಡೆಯುವುದಿಲ್ಲ. ಗೊಡೋ 4ರಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಇರುವುದರಿಂದ ಕನ್ನಡ ಸರಿಯಾಗಿ ಮೂಡುತ್ತದೆ. ಯೂನಿಟಿಯೇ ಬೇಕೆಂದರೆ ಬದಲಾಗದ ಸಾಲುಗಳನ್ನು ಚಿತ್ರವಾಗಿ ಮಾಡಿ ಹಾಕಿ.

ಕೊನೆಗೆ ಬಿಡುಗಡೆ. ಗೂಗಲ್ ಪ್ಲೇ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಜನ 14 ದಿನ ಬಿಡದೆ ಪರೀಕ್ಷಾ ತಂಡದಲ್ಲಿರಬೇಕು, ಆಮೇಲಷ್ಟೇ ಪ್ರಕಟಣೆಗೆ ಅರ್ಜಿ. ಆದ್ದರಿಂದ ಸಬ್ಮಿಷನ್ನಿಗೆ ತಿಂಗಳು ಇರುವಾಗಲೇ ಬಿಲ್ಡ್ (ಆಡಲು ಸಿದ್ಧವಾದ ಆಟದ ಫೈಲು) ಏರಿಸಿ. ಅಷ್ಟು ಸಮಯವಿಲ್ಲದಿದ್ದರೆ ಆಟಗಳನ್ನು ಪ್ರಕಟಿಸುವ ತಾಣವಾದ ಇಚ್ ಡಾಟ್ ಐಒದಲ್ಲಿ ಬ್ರೌಸರಿನಲ್ಲೇ ಆಡುವ ವೆಬ್ ಬಿಲ್ಡ್ ಹಾಕಿ. ಅದಕ್ಕೆ ಶುಲ್ಕವಿಲ್ಲ, ವೈವಾ ತೆಗೆದುಕೊಳ್ಳುವವರು ಲಿಂಕ್ ಒತ್ತಿ ಅಲ್ಲೇ ಆಡಬಹುದು.