ಬೀದಿದೀಪದ ದೂರು ಕೊಡೋ ಮುಂಚೆ ಕಂಬದ ನಂಬರ್ ಬರ್ಕೊಳ್ಳಿ

ಎಲ್ಲರಿಗೂ ನಮಸ್ಕಾರ. ಬಸ್ ಸ್ಟಾಪಿಂದ ಒಳಗೆ ಬರೋ ಅಡ್ಡರಸ್ತೇಲಿ ನಾಲ್ಕು ದಿನದಿಂದ ದೀಪ ಇಲ್ಲ. ಟ್ಯೂಷನ್ ಮುಗಿಸಿ ಬರೋ ಮಕ್ಕಳು ಮೊಬೈಲ್ ಟಾರ್ಚ್ ಹಿಡ್ಕೊಂಡು, ಅಲ್ಲಾಡೋ ಚರಂಡಿ ಚಪ್ಪಡಿ ಮೇಲೆ ಹೆಜ್ಜೆ ಇಡೋದನ್ನ ನಿನ್ನೆ ನೋಡಿ ಜೀವ ಹೊಡ್ಕೊಳ್ತು.

ಬೆಂಗಳೂರಲ್ಲಿ ಬೀದಿದೀಪ ಪಾಲಿಕೆ ಕೆಲಸ, ಬೆಸ್ಕಾಂದಲ್ಲ. ಇಲ್ಲೇ ತುಂಬಾ ಜನ ತಪ್ಪು ಕಡೆ ಫೋನ್ ಮಾಡ್ತಾರೆ. ದೀಪ, ಗುಂಡಿ, ಕಸಕ್ಕೆ 1533. ಕರೆಂಟ್ ಹೋದ್ರೆ, ತಂತಿ ಹರಿದು ಬಿದ್ದಿದ್ರೆ ಬೆಸ್ಕಾಂ 1912. ಆ ತಂತಿ ಹತ್ರ ಯಾರನ್ನೂ ಬಿಡಬೇಡಿ, ನೀವೂ ಕೋಲಿಂದ ಸರಿಸೋಕೆ ಹೋಗಬೇಡಿ. ಯಾರಾದ್ರೂ ಹಿಂಬಾಲಿಸ್ತಿದ್ರೆ, ಅಪಘಾತ ಆದ್ರೆ ಯೋಚನೆ ಮಾಡದೆ 112.

ದೂರು ಕೊಡೋವಾಗ "ನಮ್ಮ ರಸ್ತೇಲಿ ಲೈಟ್ ಇಲ್ಲ" ಅಂದ್ರೆ ಸಾಲಲ್ಲ. ಕಂಬದ ಮೇಲೆ ಬಣ್ಣದಲ್ಲಿ ನಂಬರ್ ಬರೆದಿದ್ರೆ ಹಗಲಲ್ಲೇ ಫೋಟೋ ತೆಗೀರಿ. ಅಳಿಸಿಹೋಗಿದ್ರೆ ಎದುರು ಮನೆ ನಂಬರ್, ಕ್ರಾಸ್, ಮೇನ್ ಹೇಳಿ. 2025ರ ಸೆಪ್ಟೆಂಬರ್‌ನಿಂದ ಒಂದೇ ಪಾಲಿಕೆ ಹೋಗಿ ಐದು ಆಗಿವೆ, ಹಾಗಾಗಿ ನಿಮ್ಮದು ಯಾವುದು ಅಂತಲೂ ತಿಳ್ಕೊಂಡಿರಿ. ದೂರಿನ ಸಂಖ್ಯೆ ಸಿಕ್ಕ ತಕ್ಷಣ ಇಲ್ಲಿ ಹಾಕಿ, ನಾಳೆ ನಾನೂ ಅದೇ ಸಂಖ್ಯೆ ಹೇಳಿ ವಿಚಾರಿಸ್ತೀನಿ.