ಸೊಂಟದ ಪಿಸ್ತೂಲಿಗೆ ಗುಂಡು ಆರಿಸಿದ ಬಗೆ

ನಾನಿರುವ ಟೆಕ್ಸಸ್‌ನಲ್ಲಿ ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಓಡಾಡುವವರು ಬಹಳ ಮಂದಿ. 2021ರ ಸೆಪ್ಟೆಂಬರಿನಿಂದ ಅರ್ಹ ವಯಸ್ಕರಿಗೆ ಅದಕ್ಕೆ ಪರವಾನಗಿಯೂ ಬೇಕಿಲ್ಲ. ನಾನು ಮಾತ್ರ ಪರವಾನಗಿ ಪಡೆದೇ ಒಯ್ಯುತ್ತೇನೆ. ಇಲ್ಲಿನ ಕನ್ನಡಿಗ ಗೆಳೆಯರು ಯಾವ ಪಿಸ್ತೂಲು ಕೊಳ್ಳಲಿ ಎಂದು ವಿಚಾರಿಸುತ್ತಾರೆ. ಒಳಗೆ ಯಾವ ಗುಂಡು ತುಂಬಲಿ ಎಂದು ಕೇಳುವವರು ಕಡಿಮೆ. ಆದರೆ ನಳಿಕೆ ಬಿಟ್ಟ ಗುಂಡು ಎಲ್ಲಿ ಹೋಗಿ ನಿಂತರೂ ಅದರ ಹೊಣೆ ಹಾರಿಸಿದವನದೇ.

ನನ್ನದು 9 ಎಂಎಂನ ಗ್ಲಾಕ್ 19. ಅಭ್ಯಾಸಕ್ಕೆ ಬಳಸುವುದು ಸೀಸದ ಮೇಲೆ ತಾಮ್ರದ ಹೊದಿಕೆಯುಳ್ಳ, ದುಂಡು ಮೂತಿಯ ಅಗ್ಗದ ಗುಂಡು. ಅದು ದೇಹವನ್ನು ತೂರಿ ಆಚೆ ಹೋಗಿಬಿಡಬಲ್ಲದು. ರಕ್ಷಣೆಗೆ ಇಟ್ಟುಕೊಳ್ಳುವುದು ಹಾಲೋ ಪಾಯಿಂಟ್. ಅದರ ಮೂತಿಯಲ್ಲಿ ಕುಳಿಯಿರುತ್ತದೆ. ಒಳಹೊಕ್ಕೊಡನೆ ಅರಳಿ ಅಗಲವಾಗಿ ವೇಗ ಕಳೆದುಕೊಳ್ಳುತ್ತದೆ. ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ಹೇಳಿತು, ಹಾಗಾಗಿ ಇವು ಕ್ರೂರವೆಂದು ಹಲವರ ಆಕ್ಷೇಪ. ನಾನು ಒಪ್ಪುವುದಿಲ್ಲ. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದ ಗೋಡೆಗಳ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿರುವಾಗ, ಗುರಿಯಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚಿರುವ ಗುಂಡೇ ನನಗೆ ಬೇಕು. ಗುರಿ ತಪ್ಪಿದರೆ ಯಾವ ಗುಂಡೂ ಅಂಥ ಗೋಡೆಯನ್ನು ಲೆಕ್ಕಿಸುವುದಿಲ್ಲ ಎಂಬುದು ಬೇರೆ ಮಾತು.

ಹಾಗೆಂದು ಅರಳಿದರಷ್ಟೇ ಸಾಲದು, ಆಳಕ್ಕೂ ಇಳಿಯಬೇಕು. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಕಾಳಗದಲ್ಲಿ ಎಫ್‌ಬಿಐನವರ 9 ಎಂಎಂ ಗುಂಡೊಂದು ದರೋಡೆಕೋರನ ತೋಳನ್ನು ತೂರಿ ಎದೆಗೆ ಹೊಕ್ಕಿತು, ಆದರೆ ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಅವನು ಗುಂಡು ಹಾರಿಸುತ್ತಲೇ ಇದ್ದ. ಇಬ್ಬರು ಏಜೆಂಟರು ಅಂದು ಸತ್ತರು. ಆ ಬಳಿಕ ರೂಪುಗೊಂಡ ಎಫ್‌ಬಿಐ ಪರೀಕ್ಷೆಯಲ್ಲಿ ಗುಂಡು, ಮಾಂಸದ ಬದಲು ಇಡುವ ಜೆಲಾಟಿನ್ ಗಟ್ಟಿಯೊಳಗೆ 12ರಿಂದ 18 ಇಂಚು ಇಳಿದು ನಿಲ್ಲಬೇಕು, ಮುಂದೆ ದಪ್ಪ ಬಟ್ಟೆ ಹಾಸಿದಾಗಲೂ ಅಷ್ಟೇ. ಬಟ್ಟೆಯ ಎಳೆಗಳು ಕುಳಿಗೆ ತುಂಬಿಕೊಂಡರೆ ಗುಂಡು ಅರಳದೆ ಹೋಗಬಹುದು. ಬಟ್ಟೆಯ ಪರೀಕ್ಷೆಯ ಫಲಿತಾಂಶ ಸಿಗದ ಯಾವ ಗುಂಡನ್ನೂ ನಾನು ಪರಿಗಣಿಸಲಿಲ್ಲ, ಡಬ್ಬಿಯ ಮೇಲೆ ಎಂಥ ಹೆಸರಿದ್ದರೂ ಸರಿಯೇ.

ಕೊನೆಗೆ ಉಳಿದದ್ದು ಎರಡು ಹಾಲೋ ಪಾಯಿಂಟ್‌ಗಳು: ಸ್ಪೀರ್ ಕಂಪನಿಯ ಗೋಲ್ಡ್ ಡಾಟ್ ಮತ್ತು ಫೆಡರಲ್ ಕಂಪನಿಯ ಎಚ್‌ಎಸ್‌ಟಿ. ಎರಡೂ ಪೊಲೀಸರು ಬಳಸುವಂಥವು, ಯಾವುದನ್ನು ಆರಿಸಿದರೂ ನಷ್ಟವಿಲ್ಲ. ನಾನು 124 ಗ್ರೇನ್ (ಸುಮಾರು 8 ಗ್ರಾಂ) ತೂಕದ ಎಚ್‌ಎಸ್‌ಟಿಗೆ ನಿಂತೆ. ನನ್ನ ಅಭ್ಯಾಸದ ಗುಂಡಿನ ತೂಕವೂ ಅಷ್ಟೇ. ಒದೆತದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಎರಡೂ ಗುರಿಹಲಗೆಯ ಒಂದೇ ಜಾಗಕ್ಕೆ ಬೀಳುತ್ತವೆ. ಕುಳಿಯ ಮೂತಿ ಚೇಂಬರಿಗೆ, ಅಂದರೆ ನಳಿಕೆಯ ಹಿಂತುದಿಯ ಗೂಡಿಗೆ, ಏರುವ ಇಳಿಜಾರಿನಲ್ಲಿ ಸಿಕ್ಕಿಕೊಳ್ಳುವ ಪಿಸ್ತೂಲುಗಳುಂಟು. ಆದ್ದರಿಂದ ದುಬಾರಿಯೆನಿಸಿದರೂ ಇನ್ನೂರು ಗುಂಡನ್ನಾದರೂ, ಸೊಂಟದಲ್ಲಿ ಒಯ್ಯುವ ಮ್ಯಾಗಜೀನ್‌ಗಳಿಂದಲೇ (ಗುಂಡು ತುಂಬುವ ಪೆಟ್ಟಿಗೆಗಳು), ಎಡಗೈಯೊಂದರಿಂದಲೂ ಸೇರಿಸಿ ಹೊಡೆದು ನೋಡಬೇಕು. ಒಂದು ಸಿಕ್ಕಿಕೊಂಡರೂ ನಾನು ಬೇರೆಯದನ್ನು ಹುಡುಕುತ್ತಿದ್ದೆ.

ಕೊಂಡ ಮೇಲೂ ಕಣ್ಣಿಡಬೇಕಾದ ಸಂಗತಿ ಒಂದಿದೆ. ಪಿಸ್ತೂಲನ್ನು ಖಾಲಿ ಮಾಡಿ ತುಂಬಿದಾಗಲೆಲ್ಲ ಮೇಲಿನ ಕಾಡತೂಸಿನ ಮೂತಿ ಅದೇ ಇಳಿಜಾರಿಗೆ ಬಡಿಯುತ್ತದೆ. ಬಡಿದೂ ಬಡಿದೂ ಗುಂಡು ಹಿತ್ತಾಳೆಯ ಕೊಳವೆಯೊಳಗೆ ಹಿಂದಕ್ಕೆ ಸರಿಯುತ್ತದೆ. ಮದ್ದಿಗೆ ಜಾಗ ಕಿರಿದಾಗಿ ಒತ್ತಡ ಅಪಾಯಕ್ಕೆ ಏರಬಹುದು. ಹೊಸ ಕಾಡತೂಸೊಂದನ್ನು ಪಕ್ಕದಲ್ಲಿ ನಿಲ್ಲಿಸಿದರೆ ಗಿಡ್ಡಗಾದದ್ದು ಕಣ್ಣಿಗೇ ಕಾಣುತ್ತದೆ. ಸಂಶಯವಿದ್ದರೆ ಕ್ಯಾಲಿಪರ್ ಎಂಬ ಅಳತೆಯ ಸಾಧನ ಹಿಡಿಯುತ್ತೇನೆ. ಚೇಂಬರಿನಿಂದ ಹೊರಬಂದದ್ದನ್ನು ಮತ್ತೆ ಅಲ್ಲಿಗೇ ಏರಿಸದೆ ಮ್ಯಾಗಜೀನ್‌ನ ತಳಕ್ಕೆ ಹಾಕುತ್ತೇನೆ. ಗಿಡ್ಡಗಾದದ್ದನ್ನು ಅಭ್ಯಾಸಕ್ಕೂ ಹಾರಿಸುವುದಿಲ್ಲ. ಕೆಟ್ಟ ಕಾಡತೂಸುಗಳಿಗೆಂದು ರೇಂಜ್‌ನಲ್ಲಿ ಇಟ್ಟಿರುವ ಡಬ್ಬಕ್ಕೆ ಹಾಕಿ ಬರುತ್ತೇನೆ.